ಕನ್ನಡದ ಹೆಸರಿಗೆ ಗಣಕದಲ್ಲಿ ಜಾಗವಿದೆ, ನಮೂನೆಯಲ್ಲಿಲ್ಲ

ಕುಂಬಳೆಯ ಸಮೀಪದ ಬೇಳ ಗ್ರಾಮದ ಹೆಸರು ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಅದನ್ನು ಗಣಕಯಂತ್ರವು ಮರಳಿ ಕನ್ನಡಕ್ಕೆ ತಂದಾಗ 'ಬೆಲ', 'ಬೇಲ', 'ಬೇಲಾ' ಏನೂ ಆಗಬಹುದು. ಬೇಳವೇ ಆದರೆ ಅದು ನಮ್ಮ ಅದೃಷ್ಟ. ಆ ಬರವಣಿಗೆಯಲ್ಲಿ ಳಕಾರವೂ ದೀರ್ಘವೂ ಉಳಿಯುವುದಿಲ್ಲ. ಮಲಯಾಳದ ದಾರಿಯಾಗಿ ಬಂದರೆ ಮಂಜೇಶ್ವರವು 'ಮಂಜೇಶ್ವರಂ' ಆಗಿ ಮರಳುತ್ತದೆ. ಊರಿಗೆ ಒದಗಿದ ಗತಿಯೇ ನಮ್ಮ ಮಕ್ಕಳ ಹೆಸರಿಗೂ ಮನೆತನದ ಹೆಸರಿಗೂ ಒದಗುತ್ತಿದೆ.

ಇದನ್ನು ಯಂತ್ರದ ಅಸಾಮರ್ಥ್ಯವೆಂದು ಒಪ್ಪಿಕೊಳ್ಳುವ ಕಾಲ ಮುಗಿದಿದೆ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತಕ್ರಮದಲ್ಲಿದ್ದುದು 128 ಸ್ಥಾನಗಳು. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ಇಂಗ್ಲಿಷ್ ಜಗದ್ಭಾಷೆಯಾದುದಕ್ಕೆ ಸಾಮ್ರಾಜ್ಯ, ವ್ಯಾಪಾರಗಳು ಕಾರಣ. ಗಣಕದಲ್ಲಿ ಅದು ಯಜಮಾನನಾದುದಕ್ಕೆ ಮೊದಲು ಬಂದು ಕುಳಿತದ್ದೂ ಒಂದು ಕಾರಣ. ಆದರೆ 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ 128 ಸ್ಥಾನಗಳ ಪ್ರತ್ಯೇಕ ವಿಭಾಗ ದೊರೆಯಿತು. 2021ರಲ್ಲಿ ಹಳೆಯ ಬರಹಗಳ ನಕಾರಪೊಲ್ಲೂ ಅಲ್ಲಿ ಸೇರಿತು. ಬಳಕೆಯಿಂದ ಮರೆಯಾದ ಅಕ್ಷರಕ್ಕೂ ಜಾಗವಿರುವಾಗ ಒಂದನೆಯ ತರಗತಿಗೆ ಸೇರುವ ಮಗುವಿನ ಹೆಸರಿಗೆ ಜಾಗವಿಲ್ಲವೆಂದರೆ, ಕೊರತೆ ತಂತ್ರಾಂಶವನ್ನು ಹೇಳಿ ಮಾಡಿಸಿದವರದ್ದು.

ಅಸಮಾನತೆ ಪೂರ್ತಿ ಅಳಿದಿದೆಯೆಂದೇನೂ ಅಲ್ಲ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸಿದರೆ, ಕನ್ನಡಕ್ಕೆ ದೊರೆಯುವುದು 70 ಸಂಕೇತಗಳು. ಕೊಂಬು, ದೀರ್ಘ, ಒತ್ತುಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಶಾಲೆಯ ಒಂದು ಸೂಚನೆ ಎರಡು ಮೂರಾಗಿ ಒಡೆಯುತ್ತದೆ, ಖರ್ಚೂ ಏರುತ್ತದೆ. ಆಗ ಕನ್ನಡವನ್ನು ಕೈಬಿಡುವುದೇ ಸುಲಭವೆನಿಸುತ್ತದೆ.

ನಮ್ಮ ಪಾಲಿನ ತಪ್ಪನ್ನೂ ಹೇಳಬೇಕು. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಪ್ರಶ್ನೆಪತ್ರಿಕೆ, ಆಮಂತ್ರಣಗಳನ್ನು ನಾವು ಇಂದಿಗೂ ಸಿದ್ಧಪಡಿಸುತ್ತೇವೆ. ಅಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಗೋಜಲು.

ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗಾಗಿ ಹೇಳಿದೆ. ಕನ್ನಡದಲ್ಲಿ ಕಲಿಯುವ ಮಗುವಿನ ಹೆಸರು ದಾಖಲೆಯಲ್ಲಿ ಕನ್ನಡದಲ್ಲಿಯೂ ಇರಲಿ ಎಂಬ ಬೇಡಿಕೆ ಅದರ ಆಶಯಕ್ಕೆ ಹೊರತಲ್ಲ. ನಮೂನೆಯಲ್ಲಿ ಒಂದು ಅಂಕಣ ಹೆಚ್ಚಿಸಿದರೆ ಸಾಕು. ಅದು ಬರುವವರೆಗೆ, ಹೆತ್ತವರು ದಾಖಲಾತಿಯ ಅರ್ಜಿಯ ಜೊತೆಗೆ ಹೆಸರನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಕೊಡಲಿ. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ಅಚ್ಚಾಗುವ ಮೊದಲೇ ಶಾಲೆಗೆ ಹೋಗಿ ಪ್ರತಿಯೊಂದು ಅಕ್ಷರವನ್ನೂ ಓದಿ ನೋಡಲಿ.