ವೈದ್ಯರು ಮಾತು ಬದಲಿಸಿದಾಗ

“ಹೋದ ತಿಂಗಳು ಒಂದು ಹೇಳಿದಿರಿ, ಈಗ ಇನ್ನೊಂದು ಹೇಳುತ್ತೀರಲ್ಲ ಡಾಕ್ಟರೇ” ಎಂದು ರೋಗಿಯ ಮಗ ಆಕ್ಷೇಪಿಸಿದರು. ಸಹಜವಾದ ಆಕ್ಷೇಪವೇ. ಅವರ ತಾಯಿಗೆ ಮೊಣಕಾಲು ನೋವು. ವಯಸ್ಸನ್ನೂ ನೋವಿನ ರೀತಿಯನ್ನೂ ನೋಡಿ ಸಂಧಿಗತವಾತವೆಂದು ಎಣಿಸಿ ತೈಲಾಭ್ಯಂಗ ಹೇಳಿದ್ದೆ. ಎಣ್ಣೆ ಹಚ್ಚಿದಂತೆಲ್ಲ ಊತ ಹೆಚ್ಚಿತು. ಬೆಳಿಗ್ಗೆ ಕೈಬೆರಳುಗಳು ಒಂದು ಗಂಟೆಗೂ ಮೀರಿ ಬಿಗಿದಿರುತ್ತವೆಂಬುದನ್ನು ಆ ತಾಯಿ ಎರಡನೆಯ ಭೇಟಿಯಲ್ಲಿ ಹೇಳಿದರು. ಮೊದಲ ದಿನ ನಾನೂ ಕೇಳಿರಲಿಲ್ಲ. ಅಭ್ಯಂಗವನ್ನು ನಿಲ್ಲಿಸಿ, ಆಮವಾತವೆಂದು ಚಿಕಿತ್ಸೆ ಬದಲಿಸಿದೆ.

ಗಣಿತದಲ್ಲಿ ಒಮ್ಮೆ ಸಿದ್ಧವಾದ ಪ್ರಮೇಯವನ್ನು ಹೊಸ ಮಾಹಿತಿ ಅಳಿಸಲಾರದು. ವೈದ್ಯನ ತರ್ಕ ಬೇರೆ ಜಾತಿಯದು. ಹಕ್ಕಿಯೆಂದೊಡನೆ ಹಾರುತ್ತದೆಂದು ಭಾವಿಸುತ್ತೇವೆ. ಉಷ್ಟ್ರಪಕ್ಷಿಯೆಂದು ತಿಳಿದರೆ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇವೆ. ಇಂಥ ತೀರ್ಮಾನಗಳಿಗೆ ನಿಯಮಬದ್ಧವಾದ ತರ್ಕಗಳನ್ನು ಜಾನ್ ಮೆಕಾರ್ಥಿ, ರೇಮಂಡ್ ರೈಟರ್ ಮೊದಲಾದ ಗಣಕವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದರು. ಲಕ್ಷಣಗಳು ಗೂಢವಾಗಿರುವ ರೋಗವನ್ನು ಉಪಶಯ, ಅನುಪಶಯಗಳಿಂದ ಅರಿಯಬೇಕೆಂದು ಚರಕಸಂಹಿತೆ ಹೇಳುತ್ತದೆ. ಕೊಟ್ಟ ಔಷಧ, ಆಹಾರ, ವಿಹಾರಗಳು ಒಗ್ಗಿದವೋ ಇಲ್ಲವೋ ಎಂಬುದೂ ಅಲ್ಲಿ ಸಾಕ್ಷ್ಯವೇ. ಎರಡೂ ಒಂದೇ ಎಂದು ಬೀಗುವುದು ಬೇಡ. ಆದರೆ ಮೊದಲ ಊಹೆಯನ್ನೇ ಹಿಡಿದು ಕೂರುವ ವೈದ್ಯನಿಗೆ ಎರಡರಲ್ಲಿಯೂ ಸ್ಥಾನವಿಲ್ಲ.

ರಕ್ತಪರೀಕ್ಷೆಯಲ್ಲಿ ರುಮಟಾಯ್ಡ್ ಫ್ಯಾಕ್ಟರ್ ‘ನೆಗೆಟಿವ್’ ಎಂದು ಬಂದಾಗ ಆ ಮಗನಿಗೆ ನಿರಾಳವಾಯಿತು, ನನಗಾಗಲಿಲ್ಲ. ರುಮಟಾಯ್ಡ್ ಸಂಧಿವಾತವಿರುವ ಕೆಲವರ ರಕ್ತದಲ್ಲಿ ಅದು ಕಾಣುವುದೇ ಇಲ್ಲ. ಆರೋಗ್ಯವಂತರಾದ ಕೆಲವು ವೃದ್ಧರಲ್ಲಿ ಕಾಣುತ್ತದೆ. ‘ಕಾಣಲಿಲ್ಲ’ ಎಂಬುದು ‘ಇಲ್ಲ’ ಎಂಬುದಕ್ಕೆ ಸಮವಲ್ಲ. ಒಂದು ಕಾಗದಕ್ಕಿಂತ ಊದಿದ ಬೆರಳುಗಳಿಗೆ ನಾನು ಹೆಚ್ಚು ತೂಕ ಕೊಟ್ಟೆ. ಈ ರೋಗದಲ್ಲಿ ತಡಮಾಡಿದರೆ ಕೀಲುಗಳು ಶಾಶ್ವತವಾಗಿ ಹಾಳಾಗುತ್ತವೆ. ಆದ್ದರಿಂದ ಕೀಲುರೋಗ ತಜ್ಞರಲ್ಲಿಗೂ ಕಳುಹಿಸಿದೆ. ಆಯುರ್ವೇದದವನು ಹೀಗೆ ಕಳುಹಿಸಬಹುದೇ ಎಂದು ಕೇಳಿದವರುಂಟು. ಕಳುಹಿಸಬೇಕು.

ವೈದ್ಯನ ತರ್ಕವನ್ನು ರೋಗಿಯೂ ಕೆಡಿಸಬಲ್ಲ. ಒಬ್ಬರ ಊತ ನನ್ನ ಕಷಾಯದಿಂದಲೇ ಇಳಿಯಿತೆಂದು ನಾನು ಸಂತೋಷಪಟ್ಟಿದ್ದೆ. ಅವರು ಬೇರೆಡೆಯಿಂದ ತಂದ ಸ್ಟೀರಾಯ್ಡ್ ಮಾತ್ರೆಯನ್ನು ಗುಟ್ಟಾಗಿ ನುಂಗುತ್ತಿದ್ದರೆಂದು ತಿಂಗಳಾದ ಮೇಲೆ ತಿಳಿಯಿತು. ಅಷ್ಟು ದಿನದ ಉಪಶಯವೆಲ್ಲ ಸುಳ್ಳು ಸಾಕ್ಷಿಯಾಗಿತ್ತು. ವೈದ್ಯರು ಬೈಯುತ್ತಾರೆಂಬ ಅಂಜಿಕೆ ಅವರಿಗೆ. ಅಂಥ ಅಂಜಿಕೆ ಹುಟ್ಟಿಸಿದವರಲ್ಲಿ ನಾವೂ ಇದ್ದೇವೆ. ಇನ್ನು ಮುಂದೆ ಯಾವ ವೈದ್ಯರಲ್ಲಿಗೆ ಹೋದರೂ ಹಳೆಯ ಚೀಟಿಗಳನ್ನು, ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಕೊಟ್ಟ ಔಷಧ ಒಗ್ಗದಿದ್ದರೆ ವೈದ್ಯರನ್ನು ಬದಲಿಸುವ ಮೊದಲು ಅವರಿಗೇ ಬಂದು ಹೇಳಿರಿ.