ಮಸುಕಾದ ರೆಸಿನ್ ಒಡವೆ, ತುರಿಸುವ ಕೈ

ಹೂವಿನ ಎಸಳು, ಜರಿಗಿಡದ ಎಲೆ, ಕಾಫಿ ಬೀಜ ಇವುಗಳನ್ನೆಲ್ಲ ಗಾಜಿನಂತಹ ಅಂಟಿನೊಳಗೆ ಹುದುಗಿಸಿ ಓಲೆ, ಪದಕ, ಬಳೆಗಳನ್ನು ತಯಾರಿಸುವ ಕೆಲಸ ಈಗ ನಮ್ಮ ಮಲೆನಾಡಿನ ಮನೆಗಳಿಗೂ ಬಂದಿದೆ. ಮನೆಯಲ್ಲೇ ಕುಳಿತು ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳಿಗೆ ಇದು ಬೇಡವೆನ್ನುವವನು ನಾನಲ್ಲ. ಆದರೆ ಕೈ ತುರಿಕೆಗೆ ಮುಲಾಮು ಕೇಳಿಕೊಂಡು ಬರುವ ಇವರಲ್ಲಿ ಹೆಚ್ಚಿನವರ ನಿಜವಾದ ಚಿಂತೆ ಕೈಯದ್ದಲ್ಲ. “ಡಾಕ್ಟ್ರೇ, ಕೈ ಹೇಗೂ ವಾಸಿಯಾಗುತ್ತೆ. ಒಡವೆ ಹಾಲು ಹೊಯ್ದ ಹಾಗೆ ಮಸುಕಾಗುತ್ತಲ್ಲ, ಅದಕ್ಕೇನು ಮಾಡೋದು?” ಎಂಬುದೇ ಅವರ ಪ್ರಶ್ನೆ. ವೈದ್ಯನಿಗೆ ಒಡವೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಒಡವೆಯನ್ನು ಕೆಡಿಸುವ ಕಾರಣಗಳೂ ಕೈಯನ್ನು ಕೆಡಿಸುವ ಕಾರಣಗಳೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಈ ಉಸಾಬರಿ ಅಗತ್ಯವೆಂದು ನನ್ನ ಅಭಿಪ್ರಾಯ.

ಈ ರೆಸಿನ್ ಎಂಬುದು ಹೊಸ ವಸ್ತುವೇನಲ್ಲ. ಸ್ವಿಟ್ಜರ್ಲೆಂಡಿನ ಸಿಬಾ ಕಂಪೆನಿ 1946ರಲ್ಲಿ ಮಾರುಕಟ್ಟೆಗೆ ತಂದ ಅರಾಲ್ಡೈಟ್ ನಮ್ಮ ಮನೆಗಳಿಗೆಲ್ಲ ಪರಿಚಿತವಾದ ಅಂಟು; ಒಡವೆಯ ರೆಸಿನ್ ಅದೇ ಎಪಾಕ್ಸಿ ಕುಲದ್ದು. ಎರಡು ಬಾಟಲಿಗಳಲ್ಲಿ ಬರುತ್ತದೆ. ಒಂದು ರೆಸಿನ್, ಇನ್ನೊಂದು ಅದನ್ನು ಗಟ್ಟಿಯಾಗಿಸುವ ಹಾರ್ಡ್ನರ್. ಈ ಹಾರ್ಡ್ನರ್‌ನಲ್ಲಿರುವುದು ಅಮೈನ್ ಜಾತಿಯ ರಾಸಾಯನಿಕಗಳು. ಇವು ರೆಸಿನ್ನಿನೊಂದಿಗೆ ಬೆರೆತು ಗಟ್ಟಿಯಾಗುವುದು ಸರಿಯಾದ ದಾರಿ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಮೇಲ್ಮೈಯಲ್ಲಿರುವ ಒಂದಷ್ಟು ಅಮೈನ್ ದಾರಿ ತಪ್ಪಿ, ಗಾಳಿಯ ತೇವ ಮತ್ತು ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿಬಿಡುತ್ತದೆ. ಆಗ ಒಡವೆಯ ಮೇಲೆ ಬಿಳಿಚಾದ, ಮುಟ್ಟಿದರೆ ಜಿಡ್ಡೆನಿಸುವ ಪೊರೆ ಮೂಡುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ನೆರೆಯವರು ನಾವು. ತುಂಗೆಯ ದಡದ ಹರಿಹರಪುರದಲ್ಲಿ ಆಷಾಢ ಮಾಸದಲ್ಲಿ ಒಗೆದ ಬಟ್ಟೆ ಒಣಗಲು ಮೂರು ದಿನ ಬೇಕು. ಇಂತಹ ಗಾಳಿಯಲ್ಲಿ ಬೆಂಗಳೂರಿನ ಮನೆಯಲ್ಲಿ ಬಂದ ಹೊಳಪೇ ಬರಬೇಕೆಂದರೆ ಹೇಗೆ?

ಮಸುಕಾದ ಒಡವೆಯನ್ನು ಎಸೆಯುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಮಸುಕು ಜಿಡ್ಡಿನಂತೆ ಬಟ್ಟೆಗೆ ಬಂದರೆ ಅದು ಮೇಲೆ ಹೇಳಿದ ಅಮೈನ್ ಪೊರೆ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು ಸಾಕು, ತೊಳೆದು ಹೋಗುತ್ತದೆ. ಒದ್ದೆಯಿದ್ದಾಗ ಹೊಳೆದು, ಒಣಗಿದೊಡನೆ ಮತ್ತೆ ಮಸುಕಾದರೆ ಅದು ಅಚ್ಚಿನ ಒರಟುತನ ಅಥವಾ ಉಜ್ಜಿದ ಗೀರು. ನಯವಾದ ಕಾಗದದಿಂದ ತಿಕ್ಕಿದರೆ ಅಥವಾ ಮೇಲೊಂದು ತೆಳುವಾದ ಲೇಪ ಕೊಟ್ಟರೆ ಸರಿಹೋಗುತ್ತದೆ. ಒದ್ದೆಯಾದರೂ ಒಳಗಿನಿಂದಲೇ ಹಾಲುಹಾಲಾಗಿ ಕಂಡರೆ ತೇವ ಅಥವಾ ಸಣ್ಣ ಗುಳ್ಳೆಗಳು ಒಳಗೇ ಸಿಕ್ಕಿಕೊಂಡಿವೆ ಎಂದು ತಿಳಿಯಬೇಕು. ಅದಕ್ಕೆ ಮದ್ದಿಲ್ಲ. ಪೂರಾ ಒಣಗದ ಹೂವು, ನೀರಿನಲ್ಲಿ ಕಲಸಿದ ಅಡುಗೆಯ ಬಣ್ಣ, ತೊಳೆದು ಒರೆಸದೆ ಬಳಸಿದ ಅಚ್ಚು ಇವೇ ಸಾಮಾನ್ಯವಾಗಿ ಕಾರಣ. ಪುಸ್ತಕದ ನಡುವೆ ಇಟ್ಟ ಎಲೆ ಮಳೆಗಾಲದಲ್ಲಿ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಬಿಟ್ಟಾಗಲೇ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟುಕೊಳ್ಳುವುದು ಜಾಣತನ.

ಗುಳ್ಳೆಯ ತೊಂದರೆ ಹೆಚ್ಚಾಗಿ ಚಳಿಯ ದಿನಗಳದ್ದು. ತಣ್ಣಗಿನ ರೆಸಿನ್ ಜೇನಿನಂತೆ ದಪ್ಪವಾಗುವುದರಿಂದ ಕಲಸುವಾಗ ಸೇರಿದ ಗಾಳಿ ಹೊರಬರುವುದಿಲ್ಲ. ಮುಚ್ಚಿದ ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಹೊರಗೆ ಚೆನ್ನಾಗಿ ಒರೆಸಿ, ನಂತರ ನಿಧಾನವಾಗಿ ಕಲಸಿದರೆ ಸಾಕು. ಗ್ಯಾಸ್ ಒಲೆಯ ಮೇಲೆ ಕಾಯಿಸುವವರಿದ್ದಾರೆ. ಇದು ಅಪಾಯ. ಕಲಸಿದ ರೆಸಿನ್ ತಾನಾಗಿಯೇ ಶಾಖ ಹುಟ್ಟಿಸುತ್ತದೆ. ಲೋಟದ ತುಂಬ ಕಲಸಿ ಹಾಗೇ ಬಿಟ್ಟರೆ ಹೊಗೆಯಾಡುವಷ್ಟು ಬಿಸಿಯಾಗಬಲ್ಲದು. ಗುಳ್ಳೆ ಒಡೆಯಲೆಂದು ಬಾಯಿಂದ ಊದುವುದೂ ಬೇಡ. ಉಸಿರಿನಲ್ಲಿ ತೇವವಿದೆ, ಊದಿದ ಮುಖ ಹಾರ್ಡ್ನರ್‌ನ ಆವಿಗೆ ಒಂದು ಗೇಣಿನಷ್ಟು ಹತ್ತಿರವಿರುತ್ತದೆ.

ಅಳತೆಯ ವಿಷಯದಲ್ಲಿ ನಮ್ಮ ಗೃಹಿಣಿಯರ ಕೈಯಳತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಸಾರಿಗೆ ಉಪ್ಪು ಅವರು ಕಣ್ಣಂದಾಜಿನಲ್ಲೇ ಹಾಕುತ್ತಾರೆ, ತಪ್ಪುವುದಿಲ್ಲ. ರೆಸಿನ್ ಸಾರಲ್ಲ. ಬಾಟಲಿಯ ಮೇಲೆ ಎರಡಕ್ಕೆ ಒಂದು ಎಂದಿದ್ದರೆ ಅದು ತೂಕದ ಲೆಕ್ಕವೋ ಗಾತ್ರದ ಲೆಕ್ಕವೋ ನೋಡಬೇಕು, ಏಕೆಂದರೆ ಎರಡು ದ್ರವಗಳ ಸಾಂದ್ರತೆ ಒಂದೇ ಅಲ್ಲ. ಮಳೆಗಾಲದಲ್ಲಿ ಬೇಗ ಗಟ್ಟಿಯಾಗಲಿ ಎಂದು ಹಾರ್ಡ್ನರ್ ಒಂದು ಚಮಚ ಹೆಚ್ಚು ಹಾಕುವವರು ಬಹಳ ಮಂದಿ. ಹಾರ್ಡ್ನರ್ ಹಾಲಿಗೆ ಹಾಕುವ ಹೆಪ್ಪಲ್ಲ, ರೆಸಿನ್ನಿಗೆ ಸಮಾನ ಜೊತೆಗಾರ. ಹೆಚ್ಚಾದದ್ದು ಜೊತೆ ಸಿಗದೆ ಹಾಗೇ ಉಳಿಯುತ್ತದೆ. ಒಡವೆ ಮೆತ್ತಗೆ, ಅಂಟಂಟಾಗಿ, ಮಸುಕಾಗಿ ನಿಲ್ಲುತ್ತದೆ. ಆ ಉಳಿದ ರಾಸಾಯನಿಕವೇ ಮುಟ್ಟಿದವರ ಬೆರಳಿಗೆ, ತೊಟ್ಟವರ ಕಿವಿಗೆ ಹತ್ತುವುದು.

ಇನ್ನು ನನ್ನ ವೃತ್ತಿಯ ಮಾತು. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ಅಲರ್ಜಿ ಉಂಟುಮಾಡುವ ಪ್ರಬಲ ವಸ್ತುಗಳಲ್ಲೊಂದು. “ಆರು ತಿಂಗಳಿಂದ ಬರಿಗೈಯಲ್ಲೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ” ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಲರ್ಜಿ ಮೊದಲ ದಿನವೇ ಬರಬೇಕೆಂದಿಲ್ಲ. ಕೆಲವರಿಗೆ ವಾರಗಳಲ್ಲಿ, ಕೆಲವರಿಗೆ ವರ್ಷಗಳ ಮೇಲೆ ಬರುತ್ತದೆ. ಬಂದ ಮೇಲೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಒಂದು ಹನಿ ತಗುಲಿದರೂ ಬೆರಳ ಸಂದಿಗಳಲ್ಲಿ ತುರಿಕೆ, ನೀರ್ಗುಳ್ಳೆ, ಬಿರುಕು ಏಳುತ್ತವೆ. ಕೈ ಸರಿಯಿದ್ದು ಕಣ್ಣಿನ ರೆಪ್ಪೆ ಮಾತ್ರ ಊದಿಕೊಂಡು ಬರುವವರೂ ಇದ್ದಾರೆ. ಆವಿಯಿಂದಲೋ, ಒಣದಾಗಿ ಉಜ್ಜಿದ ಧೂಳಿನಿಂದಲೋ ಆದದ್ದು ಅದು. ಲೈಟಿನಲ್ಲಿ ಗಟ್ಟಿಯಾಗುವ ಯುವಿ ರೆಸಿನ್ ಸುರಕ್ಷಿತವೆಂದು ಭಾವಿಸುವವರಿಗೊಂದು ಮಾತು: ಅದರಲ್ಲಿರುವ ಆಕ್ರಿಲೇಟ್‌ಗಳೂ ಇದೇ ರೀತಿ ಅಲರ್ಜಿ ತರುತ್ತವೆ. ಇವುಗಳ ಬಂಧುಗಳನ್ನೇ ಹಲ್ಲಿನ ಫಿಲ್ಲಿಂಗಿನಲ್ಲಿಯೂ ಬಳಸುವುದರಿಂದ ಇಂದಿನ ಹವ್ಯಾಸ ಮುಂದೆ ದಂತವೈದ್ಯರ ಕುರ್ಚಿಯಲ್ಲಿ ತೊಡಕಾಗಬಹುದು.

ಆದ್ದರಿಂದ ನೈಟ್ರೈಲ್ ಕೈಗವಸು ಬೇಕೇಬೇಕು. ಕೂದಲಿಗೆ ಬಣ್ಣ ಹಚ್ಚುವ ತೆಳು ಪ್ಲಾಸ್ಟಿಕ್ ಕವಚದಿಂದ ಪ್ರಯೋಜನವಿಲ್ಲ. ರೆಸಿನ್ ಚೆಲ್ಲಿದ ಗವಸನ್ನು ಕೂಡಲೇ ಬದಲಿಸಿ. ಕೈಗೆ ತಾಗಿದ್ದನ್ನು ಥಿನ್ನರ್, ಅಸಿಟೋನ್ ಹಚ್ಚಿ ತೆಗೆಯಬೇಡಿ. ಅದು ಚರ್ಮದ ರಕ್ಷಣೆಯ ಜಿಡ್ಡನ್ನು ತೊಳೆದು ರಾಸಾಯನಿಕವನ್ನು ಒಳಗೆ ಕಳಿಸುತ್ತದೆ. ಸೋಪು, ನೀರು ಸಾಕು. ಉಜ್ಜುವುದಿದ್ದರೆ ನೀರು ಹಾಕಿ ಉಜ್ಜಿ. ಮುಖಗವಸು ಧೂಳನ್ನು ತಡೆಯಬಹುದು, ಆವಿಯನ್ನು ತಡೆಯದು. ಹಾರ್ಡ್ನರ್ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ಆಸ್ಪತ್ರೆಗೆ ಬನ್ನಿ. ತುರಿಕೆಗೆ ಔಷಧಿ ಅಂಗಡಿಯ ಸ್ಟಿರಾಯ್ಡ್ ಮಿಶ್ರಿತ ಕ್ರೀಮನ್ನು ನೀವೇ ಕೊಂಡು ಹಚ್ಚುತ್ತಾ ಹೋಗುವುದು ಬೇಡ, ಮುಖಕ್ಕಂತೂ ಖಂಡಿತ ಬೇಡ. ಕಾರಣ ಗೊತ್ತಾಗಬೇಕಾದರೆ ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನದ ಮೇಲೆ ತೆಗೆದು ನೋಡುವ ಪ್ಯಾಚ್ ಪರೀಕ್ಷೆ ಇದೆ.

ಇಲ್ಲೊಂದು ಇಕ್ಕಟ್ಟಿದೆ. ಒಡವೆ ಮಸುಕಾಗದಿರಲು ತೇವದ ಗಾಳಿ ಬಾರದಂತೆ ಕಿಟಕಿ ಮುಚ್ಚಬೇಕು. ಶ್ವಾಸಕೋಶ ಕೆಡದಿರಲು ಕಿಟಕಿ ತೆರೆಯಬೇಕು. ಅಮೈನ್ ಆವಿಯಿಂದ ಉಬ್ಬಸ ಬರುವುದೂ ಉಂಟು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿನಲ್ಲಿ ಈ ಕೆಲಸವನ್ನೇ ನಿಲ್ಲಿಸಿ ಎಂದು ಹೇಳುತ್ತೇನೆ. ಹಬ್ಬದ ಬೇಡಿಕೆ ಇರುವುದೇ ಆಗ ಎಂದು ಕೆಲವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಬೇಸಿಗೆಯಲ್ಲೇ ಅಚ್ಚು ಹೊಯ್ದಿಟ್ಟು ಮಳೆಗಾಲದಲ್ಲಿ ಕೊಂಡಿ, ಸರಪಳಿ ಜೋಡಿಸಿದರೆ ವ್ಯಾಪಾರವೂ ನಿಲ್ಲದು. ಹಪ್ಪಳ, ಸಂಡಿಗೆಯನ್ನು ಬೇಸಿಗೆಯಲ್ಲೇ ಮಾಡಿಡುವವರಿಗೆ ಇದನ್ನು ಹೇಳಿಕೊಡಬೇಕೇ? ಅಡುಗೆಮನೆಯಲ್ಲಿ, ಮಕ್ಕಳು ಮಲಗುವ ಕೋಣೆಯಲ್ಲಿ ಯಾವ ಕಾಲದಲ್ಲೂ ಬೇಡ. ಶಾಲಾ ಮಕ್ಕಳಿಗೆ ರಜೆಯ ಕರಕುಶಲವೆಂದು ಇದನ್ನು ಕಲಿಸುವುದಕ್ಕೆ ನನ್ನ ಪೂರ್ಣ ವಿರೋಧವಿದೆ. ಪೊಟ್ಟಣದ ಮೇಲೆ ‘ವಿಷರಹಿತ’ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕುವವರು, ಆ ಮಾತು ಪೂರ್ಣ ಗಟ್ಟಿಯಾದ ಮೇಲಿನದ್ದು ಎಂಬುದನ್ನೂ ಕೈಗವಸು ತೊಡಿ ಎಂಬುದನ್ನೂ ಅಷ್ಟೇ ದಪ್ಪಕ್ಷರದ ಕನ್ನಡದಲ್ಲಿ ಅಚ್ಚು ಹಾಕಬೇಕು.

ಮಾರುವ ಮುನ್ನ ಒಡವೆಯನ್ನು ಕನಿಷ್ಠ ಒಂದು ವಾರ ಹಾಗೇ ಇಡಿ. ಉಗುರು ಒತ್ತಿದರೆ ಗುರುತು ಬೀಳಬಾರದು, ಅಂಟಬಾರದು, ವಾಸನೆ ಇರಬಾರದು. ಹೀಗಿದ್ದೂ ಕೊಂಡವರ ಕಿವಿ ಸೋರಿದರೆ ರೆಸಿನ್ನನ್ನು ದೂರುವ ಮೊದಲು ಕೊಂಡಿಯ ನಿಕ್ಕಲ್ ಲೋಹವನ್ನು ಸಂಶಯಿಸಿ. ಉಳಿದ ಕಲಸನ್ನು ಬಚ್ಚಲಿಗೆ ಸುರಿಯದೆ ಲೋಟದಲ್ಲೇ ಗಟ್ಟಿಯಾಗಲು ಬಿಟ್ಟು, ಪಂಚಾಯ್ತಿಯ ಒಣ ಕಸಕ್ಕೆ ಹಾಕಿ. ಅಡಿಕೆ ಸಿಪ್ಪೆ, ಸೋಗೆಯ ಜೊತೆ ಹಂಡೆ ಒಲೆಗೆ ತುರುಕಬೇಡಿ. ಆ ಹೊಗೆ ಕುಡಿಯುವವರು ಸ್ನಾನಕ್ಕೆ ನೀರು ಕಾಯಿಸುವ ಮನೆಯ ಹಿರಿಯರು.