ಹಳೆಯ ಕೀ ಬದಲಿಸಲು ಏಕೆ ಹಿಂಜರಿಕೆ?

2023ರ ಜೂನ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಭದ್ರತಾ ಸಿಬ್ಬಂದಿಗೆ ತಾವೇ ರೂಪಿಸಿಕೊಂಡಿದ್ದ ಒಂದು ಅಲರ್ಟ್ ಬಂತು. ಅದಕ್ಕೆ ಅವರಿಟ್ಟಿದ್ದ ಹೆಸರು ‘ಬಿಗ್ ಯೆಲ್ಲೋ ಟ್ಯಾಕ್ಸಿ’. ಇಲಾಖೆಯ ಇಮೇಲ್‌ಗಳನ್ನು ಯಾರೋ ಓದುತ್ತಿದ್ದರು. ಚೀನಾ ಮೂಲದ ‘ಸ್ಟಾರ್ಮ್-0558’ ತಂಡ ಮೈಕ್ರೊಸಾಫ್ಟ್‌ನ ಡಿಜಿಟಲ್ ಸಹಿ ಕೀಯೊಂದನ್ನು ಕದ್ದು, ಅದರಿಂದ ನಕಲಿ ಲಾಗಿನ್ ಟೋಕನ್ ತಯಾರಿಸಿ 22 ಸಂಸ್ಥೆಗಳ ಮೇಲ್‌ಬಾಕ್ಸ್‌ಗಳಿಗೆ ನುಗ್ಗಿತ್ತು. ಯಾರ ಪಾಸ್‌ವರ್ಡೂ ಬೇಕಾಗಿರಲಿಲ್ಲ. ವಾಣಿಜ್ಯ ಸಚಿವೆ ಜೀನಾ ರೈಮಾಂಡೊ, ಚೀನಾದಲ್ಲಿನ ರಾಯಭಾರಿ ನಿಕೋಲಸ್ ಬರ್ನ್ಸ್ ಅವರ ಪತ್ರಗಳೂ ಬಯಲಾದವು. ವಿದೇಶಾಂಗ ಇಲಾಖೆಯೊಂದರಿಂದಲೇ ಹೋದದ್ದು ಸುಮಾರು 60,000 ಇಮೇಲ್.

ಕಳವಿಗಿಂತ ಬೆಚ್ಚಿಬೀಳಿಸಿದ್ದು ಆ ಕೀಯ ವಯಸ್ಸು. ಅದು 2016ರದ್ದು, 2021ರ ಮಾರ್ಚ್‌ನಲ್ಲೇ ನಿವೃತ್ತಿಯಾಗಬೇಕಿತ್ತು. ಸಹಿಗೆ ಬಳಸುವ ಖಾಸಗಿ ಕೀಗಳನ್ನು ಒಂದರಿಂದ ಮೂರು ವರ್ಷದೊಳಗೆ ಬದಲಿಸಬೇಕೆಂಬುದು ಅಮೆರಿಕದ ಮಾನದಂಡ ಸಂಸ್ಥೆ ‘ನಿಸ್ಟ್’ ನೀಡುವ ಸಲಹೆ. ಆದರೆ ಮೈಕ್ರೊಸಾಫ್ಟ್‌ನಲ್ಲಿ ಗ್ರಾಹಕ ಖಾತೆಗಳ ಕೀಗಳನ್ನು ಸಿಬ್ಬಂದಿ ಕೈಯಾರೆ ಬದಲಿಸುತ್ತಿದ್ದರು. ಹಾಗೆ ಮಾಡುವಾಗಲೇ ಒಮ್ಮೆ ಕ್ಲೌಡ್ ಸೇವೆ ದೊಡ್ಡ ಪ್ರಮಾಣದಲ್ಲಿ ಸ್ಥಗಿತಗೊಂಡಿತು. ಆಮೇಲೆ, 2021ರಲ್ಲಿ, ಕೀ ಬದಲಿಸುವುದನ್ನೇ ಕಂಪನಿ ನಿಲ್ಲಿಸಿಬಿಟ್ಟಿತು ಎನ್ನುತ್ತದೆ 2024ರ ಏಪ್ರಿಲ್‌ನಲ್ಲಿ ಪ್ರಕಟವಾದ ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿಯ ವರದಿ. ಸ್ವಯಂಚಾಲಿತ ವ್ಯವಸ್ಥೆಯೂ ಬರಲಿಲ್ಲ. ಕೀ ಹಳತಾಯಿತೆಂದು ಎಚ್ಚರಿಸುವವರೂ ಇರಲಿಲ್ಲ. ಕೀ ಕೈತಪ್ಪಿದ್ದು ಹೇಗೆಂಬುದು ಆ ವರದಿಯ ಹೊತ್ತಿಗೂ ಪತ್ತೆಯಾಗಿರಲಿಲ್ಲ.

ಕೀ ಬದಲಿಸಲು ಇಂಥ ಹೆದರಿಕೆ ಒಂದೇ ಕಂಪನಿಯದ್ದಲ್ಲ, ಅದು ಅಕಾರಣವೂ ಅಲ್ಲ.

ದೊಡ್ಡ ಸಂಸ್ಥೆಯೊಂದರ ಕೀ ನಿರ್ವಹಣಾ ತಂತ್ರಾಂಶ ಅಪ್‌ಡೇಟ್ ಆಗುವ ರಾತ್ರಿಯನ್ನು ನೋಡಬೇಕು. ಡೇಟಾಬೇಸ್, ಸ್ಟೋರೇಜ್, ಬ್ಯಾಕಪ್ ಟೇಪ್ ಎಲ್ಲವೂ ಕೀಗಾಗಿ ಈ ತಂತ್ರಾಂಶವಿರುವ ಸರ್ವರ್‌ನತ್ತಲೇ ಕೈ ಚಾಚುತ್ತವೆ. ಅದು ಮಲಗಿದ್ದಾಗ ಸ್ಟೋರೇಜ್ ಯಂತ್ರವೊಂದು ರೀಸ್ಟಾರ್ಟ್ ಆದರೆ ಅದರೊಳಗಿನ ಮಾಹಿತಿ ಇದ್ದೂ ಇಲ್ಲದಂತೆ. ಮಾಸ್ಟರ್ ಕೀ ಇರುವುದು ಎಚ್‌ಎಸ್‌ಎಂ ಎಂಬ ಭದ್ರ ಪೆಟ್ಟಿಗೆಯಲ್ಲಿ. ಬಿಚ್ಚಲು ಹೋದರೆ ತನ್ನೊಳಗಿನ ಕೀಗಳನ್ನು ತಾನೇ ಅಳಿಸಿಕೊಳ್ಳುವ ಯಂತ್ರವದು. ಅಪ್‌ಡೇಟ್ ಎಡವಿದರೆ ಅದರ ಬ್ಯಾಕಪ್‌ನಿಂದ ಕೀ ಮರಳಿ ತರಲು ನಿಗದಿತ ಸಂಖ್ಯೆಯ ಅಧಿಕಾರಿಗಳು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್, ಪಿನ್ ಸಹಿತ ಹಾಜರಿರಬೇಕು. ಅವರಲ್ಲೊಬ್ಬರು ನಿವೃತ್ತರಾಗಿ ಊರು ಸೇರಿದ್ದರೆ, ಇನ್ನೊಬ್ಬರಿಗೆ ಪಿನ್ ಮರೆತಿದ್ದರೆ? ಅಂಥ ರಾತ್ರಿಯಲ್ಲಿ ‘ಸದ್ಯಕ್ಕೆ ಬೇಡ, ಮುಂದಿನ ತ್ರೈಮಾಸಿಕದಲ್ಲಿ ನೋಡೋಣ’ ಎಂಬ ಮಾತು ಬಲು ಹಿತವಾಗಿ ಕೇಳಿಸುತ್ತದೆ.

ಹಾಗೆಂದು ಕೀ ಬದಲಿಸುವ ಕೆಲಸ ಅಸಾಧ್ಯವೇನಲ್ಲ. ಮಾಹಿತಿಯನ್ನು ಒಂದು ಕೀ ಮುಚ್ಚುತ್ತದೆ, ಆ ಕೀಯನ್ನು ಮಾಸ್ಟರ್ ಕೀ ಮುಚ್ಚುತ್ತದೆ. ಮಾಸ್ಟರ್ ಬದಲಾದರೆ ಕೆಳಗಿನ ಪುಟ್ಟ ಕೀಗಳನ್ನಷ್ಟೇ ಮತ್ತೆ ಮುಚ್ಚಿದರಾಯಿತು. ಟೆರಾಬೈಟ್‌ಗಟ್ಟಲೆ ದತ್ತಾಂಶವನ್ನು ಮುಟ್ಟಬೇಕಿಲ್ಲ. ಸರ್ವರ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡಬಹುದು, ಹಳೆಯ ಕೀಯನ್ನು ಕೆಲಕಾಲ ಓದಲಿಕ್ಕಷ್ಟೇ ಉಳಿಸಿಕೊಳ್ಳಬಹುದು. ಕಷ್ಟವಿರುವುದು ಲೆಕ್ಕದಲ್ಲಿ: ಯಾವ ಕೀಯನ್ನು ಯಾವ ಅಪ್ಲಿಕೇಷನ್ ಬಳಸುತ್ತಿದೆ ಎಂಬ ಪಟ್ಟಿಯೇ ಎಷ್ಟೋ ಕಡೆ ಇರುವುದಿಲ್ಲ. ವರ್ಷಗಟ್ಟಲೆ ಮುಟ್ಟದೆ ಬಿಟ್ಟಷ್ಟೂ ಆ ಅಜ್ಞಾನ ಬೆಳೆಯುತ್ತದೆ, ಹೆದರಿಕೆಯೂ ಅದರ ಜೊತೆಗೇ.

ಮಾಸ್ಟರ್ ಕೀಯೇ ಬೀದಿಗೆ ಬಿದ್ದರೆ ಏನಾಗುತ್ತದೆಂಬುದನ್ನು ದಕ್ಷಿಣ ಆಫ್ರಿಕಾದ ಪೋಸ್ಟ್‌ಬ್ಯಾಂಕ್ ಕಂಡಿದೆ. 2018ರ ಡಿಸೆಂಬರ್‌ನಲ್ಲಿ ಪ್ರಿಟೋರಿಯಾದ ಡೇಟಾ ಸೆಂಟರ್‌ನಲ್ಲಿ ಅದರ ಮಾಸ್ಟರ್ ಕೀಯನ್ನು ಸಾದಾ ಕಾಗದದ ಮೇಲೆ ಮುದ್ರಿಸಲಾಗಿತ್ತು ಎಂದು 2020ರಲ್ಲಿ ಅಲ್ಲಿನ ‘ಸಂಡೇ ಟೈಮ್ಸ್’ ವರದಿ ಮಾಡಿತು. ಯಾರೊಬ್ಬರ ಕೈಗೂ ಪೂರ್ತಿ ಕೀ ಸಿಗಬಾರದು ಎಂಬ ಮೂಲ ನಿಯಮವೇ ಅಲ್ಲಿ ಮುರಿದಿತ್ತು. 25,000ಕ್ಕೂ ಹೆಚ್ಚು ವಂಚಕ ವಹಿವಾಟುಗಳಲ್ಲಿ 5.6 ಕೋಟಿ ರ‍್ಯಾಂಡ್ ಮಾಯವಾಯಿತು, ಸುಮಾರು 1.2 ಕೋಟಿ ಕಾರ್ಡ್‌ಗಳನ್ನು ಬದಲಿಸಬೇಕಾಯಿತು. ಅವುಗಳಲ್ಲಿ ಬಹುಪಾಲು ಸರ್ಕಾರದ ಮಾಸಾಶನ ಪಡೆಯುವವರ ಕಾರ್ಡ್‌ಗಳು.

ಭಾರತದಲ್ಲಿ ಆಧಾರ್ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಸಂಸ್ಥೆಗಳು ಅವುಗಳ ಎನ್‌ಕ್ರಿಪ್ಷನ್ ಕೀಯನ್ನು ಎಚ್‌ಎಸ್‌ಎಂನಲ್ಲೇ ಇಡಬೇಕೆಂದು ಆಧಾರ್ ಪ್ರಾಧಿಕಾರ 2017ರಲ್ಲೇ ಹೇಳಿದೆ. 2025ರ ನವೆಂಬರ್‌ನಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ನಿಯಮಗಳೂ ಎನ್‌ಕ್ರಿಪ್ಷನ್ ಅನ್ನು ಹೆಸರಿಸಿವೆ. ಪೆಟ್ಟಿಗೆ ಕೊಂಡದ್ದಕ್ಕೆ ಬಿಲ್ ತೋರಿಸಬಹುದು. ಒಳಗಿನ ಕೀಯನ್ನು ಕಡೆಯ ಬಾರಿ ಬದಲಿಸಿದ್ದು ಯಾವಾಗ ಎಂಬ ಪ್ರಶ್ನೆ ಆಡಳಿತ ಮಂಡಳಿಯ ಮೇಜಿಗೆ ಬರುವುದು ಅಪರೂಪ. ಬರಬೇಕಾದ ಮೊದಲ ಪ್ರಶ್ನೆಯೇ ಅದು.

ಮುಂದೂಡಲು ಇನ್ನು ಹೆಚ್ಚು ಕಾಲಾವಕಾಶವೂ ಇಲ್ಲ. ಎಚ್‌ಎಸ್‌ಎಂಗಳಿಗೆ ಸಿಕ್ಕಿರುವ, ಅಮೆರಿಕದ ಭದ್ರತಾ ಮಾನದಂಡ ‘ಫಿಪ್ಸ್ 140-2’ರ ಪ್ರಮಾಣಪತ್ರಗಳು 2026ರ ಸೆಪ್ಟೆಂಬರ್‌ನಲ್ಲಿ ಹಳೆಯ ಪಟ್ಟಿಗೆ ಸರಿಯುವಂತೆ ಗಡುವು ನಿಗದಿಯಾಗಿದೆ. ಕ್ವಾಂಟಂ ಕಂಪ್ಯೂಟರ್‌ಗಳಿಗೂ ಮಣಿಯದಂತೆ ರೂಪಿಸಿದ ಹೊಸ ವಿಧಾನಗಳ ಮೊದಲ ಮೂರು ಮಾನದಂಡಗಳನ್ನು ನಿಸ್ಟ್ 2024ರ ಆಗಸ್ಟ್‌ನಲ್ಲೇ ಹೊರಡಿಸಿದೆ. ಈಗಿನ ಆರ್‌ಎಸ್‌ಎ ವಿಧಾನವನ್ನು 2035ರ ಹೊತ್ತಿಗೆ ಕೈಬಿಡುವುದು ಅದರ ಕರಡು ಯೋಜನೆ. ಆಗ ಬದಲಾಗಬೇಕಾದದ್ದು ಒಂದೆರಡು ಕೀ ಅಲ್ಲ, ಕೀ ತಯಾರಿಸುವ ವಿಧಾನವೇ. ಆ ಕೆಲಸಕ್ಕಿಳಿಯುವ ಮುನ್ನ ಸಂಸ್ಥೆಗಳು ತಮ್ಮಲ್ಲಿರುವ ಕೀಗಳ ಪಟ್ಟಿ ಮಾಡಿ, ಅತ್ಯಂತ ಹಳೆಯದನ್ನು ಈ ವರ್ಷವೇ ಪರೀಕ್ಷಾ ಸರ್ವರ್‌ನಲ್ಲಿ ಒಮ್ಮೆ ಬದಲಿಸಿ ನೋಡಲಿ.